ಕೊನೆಯ ಗೇಟಿನ ದನಿ ಮಾನ್ವಿಗೆ ಮುಟ್ಟಿದ್ದು

"ಆಗೋದಿಲ್ಲ" ಎಂಬ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಆಗದ ಕೆಲಸ ಜಗತ್ತಿನಲ್ಲಿ ಇಲ್ಲವೆಂದಲ್ಲ, ಬೇಕಾದಷ್ಟಿವೆ. ಆದರೆ ಹಾಗೆನ್ನುವವನು ಒಮ್ಮೆಯಾದರೂ ಕೈ ಹಚ್ಚಿ ನೋಡಿರಬೇಕು.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಮಾನ್ವಿಯ ನೀರಾವರಿ ಉಪವಿಭಾಗದ ಎಂಜಿನಿಯರ್ ರಾಯಚೂರಿನಲ್ಲಿದ್ದ ನನ್ನ ರಿಪೇರಿ ಅಂಗಡಿಗೆ ಬಂದು, ಬಗಲಚೀಲದಿಂದ ಎರಡು ವಾಕಿಟಾಕಿ ತೆಗೆದು ಮೇಜಿನ ಮೇಲಿಟ್ಟರು. ಇಟ್ಟಿಗೆಯಷ್ಟು ದಪ್ಪ, ನೆತ್ತಿಯ ಮೇಲೆ ಗೇಣುದ್ದದ ರಬ್ಬರ್ ಕಡ್ಡಿ. ಎಂಜಿನಿಯರ್ ಮೈಸೂರು ಕಡೆಯ ಹುಡುಗ, ನೌಕರಿಗೆ ಸೇರಿ ಬಹಳ ದಿನವಾಗಿರಲಿಲ್ಲ. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಇವು ಕೆಟ್ಟಿಲ್ಲ. ಕೆಟ್ಟಿದ್ದರೆ ಚೆನ್ನಾಗಿತ್ತು, ರಿಪೇರಿ ಮಾಡಿಸಬಹುದಿತ್ತು" ಎಂದರು.

"ಮತ್ತ ಏನಾಗ್ಯಾವ್ರಿ?"

"ದೂರ ಹೋಗಲ್ಲ. ಊರು ದಾಟಿದರೆ ಬರೀ ಗೊರಗೊರ."

ಅವರು ಹೇಳಿದ ಕಥೆ ಇಷ್ಟು. ಇಲಾಖೆ ಮಾನ್ವಿಗೆ ಮೂರು ಸೆಟ್ಟು ಕೊಟ್ಟಿತ್ತು: ಒಂದು ಆಫೀಸಿಗೆ, ಒಂದು ಜೀಪಿಗೆ, ಮತ್ತೊಂದು ಕಾಲುವೆಯ ಕೊನೆಯ ಗೇಟಿಗೆ. ಕಾಲುವೆ ಮೇಲಿನ ಊರುಗಳನ್ನೆಲ್ಲ ದಾಟಿ ಬರುವಷ್ಟರಲ್ಲಿ ನೀರು ಯಾರ‍್ಯಾರದೋ ಗದ್ದೆಗೆ ಹೊರಳಿರುತ್ತಿತ್ತು. ಕೊನೆಯ ಗೇಟಿನಲ್ಲಿ ನೀರಿಳಿದ ಸುದ್ದಿ ಸೈಕಲ್ ಮೇಲೆ ಡಾಂಬರು ರಸ್ತೆಗೆ ಬಂದು, ಅಲ್ಲಿಂದ ಬಸ್ಸು ಹತ್ತಿ ಮಾನ್ವಿಗೆ ಮುಟ್ಟುವುದರೊಳಗೆ ಹೊತ್ತು ಮುಳುಗುತ್ತಿತ್ತು. ಮೇಲಿನ ಉಪವಿಭಾಗಕ್ಕೆ ಫೋನ್ ಮಾಡಿದರೆ ಒಂದೇ ಉತ್ತರ: ನಾವು ಪೂರ್ತಿ ಬಿಟ್ಟಿದ್ದೇವೆ. ಸೆಟ್ಟು ಇದ್ದರೆ ಆ ಕ್ಷಣಕ್ಕೇ ಗೊತ್ತಾಗಬೇಕಿತ್ತು. ಈಗ ಅದೇ ಕೆಲಸ ಮಾಡುತ್ತಿಲ್ಲವೆಂದು ರಾಯಚೂರಿನ ದೊಡ್ಡ ಸಾಹೇಬರು ಮೂರನ್ನೂ ಮೇಲಿನವರಿಗೇ ಕೊಟ್ಟುಬಿಡಲು ತೀರ್ಮಾನಿಸಿದ್ದರು. ಅಲ್ಲಿ ಗೇಟುಗಳು ಹತ್ತಿರ ಹತ್ತಿರ, ಇವೇ ಸೆಟ್ಟು ಸಾಕಾಗುತ್ತವೆ. ಮುಂದಿನ ವಾರ ಮಾನ್ವಿಗೆ ಬಂದು ತಾವೇ ಒಯ್ಯುವುದಾಗಿ ಹೇಳಿದ್ದರು. ಕೊನೆಭಾಗದ ಬತ್ತ ಆಗಷ್ಟೇ ತೆನೆ ಕಟ್ಟಲು ಶುರುವಾಗಿತ್ತು.

"ಸೆಟ್ಟು ಹೋದರೆ ಈ ಬೆಳೆಗೆ ನೀರು ಕೇಳೋ ಬಾಯೇ ಹೋದ ಹಾಗೆ. ಸೆಟ್ಟು ಕೊಟ್ಟ ಕಂಪನಿಯವರನ್ನು ಕೇಳಿದೆ. ಆಗೋದಿಲ್ಲ, ಇದಕ್ಕಿಂತ ದೊಡ್ಡದು ತಗೊಳ್ಳಿ ಅಂದರು" ಎಂದರು ಎಂಜಿನಿಯರ್.

ಆ ಮಾತು ಬಂದ ಮೇಲೆ ನಾನು ಸುಮ್ಮನಿರುವುದು ಎಲ್ಲಿಂದ ಬಂತು? ಕಡ್ಡಿಯನ್ನು ಹಿಡಿದು ತಿರುವಿದೆ, ತಿರುಪು ಬಿಚ್ಚಿಕೊಂಡಿತು. ಒಳಗೆ ಸಣ್ಣ ಹಿತ್ತಾಳೆಯ ಮೊನೆ ಕಂಡಿತು. ಅಷ್ಟು ಸಾಕು. ಸೆಟ್ಟಿನ ಶಕ್ತಿ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಈ ಕಡ್ಡಿ ಶಾಸ್ತ್ರಕ್ಕೆ ಇಟ್ಟದ್ದು, ಜೇಬಿನಲ್ಲಿ ಹಿಡಿಯಲೆಂದು ಗಿಡ್ಡ ಮಾಡಿದ್ದು. ಇದೇ ಮೊನೆಗೆ ಕೇಬಲ್ ಹಾಕಿ ಆಕಾಶದಲ್ಲಿ ಒಂದು ಆಂಟೆನಾ ನಿಲ್ಲಿಸಿದರೆ ಇದೇ ಸೆಟ್ಟು ಹತ್ತು ಊರು ದಾಟಿ ಮಾತಾಡುತ್ತದೆ. ಎತ್ತರದ ಆಂಟೆನಾ ನನಗೆ ಹೊಸದಲ್ಲ. ರಾಯಚೂರಿಗೇ ಟಿ.ವಿ. ಕೇಂದ್ರ ಬರುವ ಮೊದಲು ಹೈದರಾಬಾದಿನ ಚಿತ್ರ ಹಿಡಿಯಲು ಮನೆ ಮನೆಯ ಮಾಳಿಗೆ ಮೇಲೆ ಪೈಪು ನಿಲ್ಲಿಸಿದವನು ನಾನೇ.

"ಆಗ್ತದ್ರಿ. ಆದ್ರ ನನ್ನ ಮಾತು ಮೊದಲ ಕೇಳ್ರಿ" ಎಂದೆ.

ಇಲ್ಲಿ ಓದುವವರಿಗೊಂದು ಮಾತು. ಸರ್ಕಾರಿ ಆಫೀಸಿನ ಕೆಲಸ ಹಿಡಿಯುವಾಗ ದರಕ್ಕಿಂತ ಮೊದಲು ಷರತ್ತು ಮಾತಾಡಬೇಕು. ದರ ಇಳಿಸಿದರೂ ಬದುಕಬಹುದು, ಷರತ್ತು ಬಿಟ್ಟುಕೊಟ್ಟರೆ ಕೈಕಾಲು ಕಟ್ಟಿಸಿಕೊಂಡಂತೆ. ನನ್ನ ಷರತ್ತು ಎರಡೇ. ಕಂಬ, ಕೇಬಲ್, ಆಂಟೆನಾ ಎಲ್ಲ ನನ್ನವು, ಕೆಲಸ ಒಪ್ಪಿಗೆಯಾಗಿ ಬಿಲ್ಲು ಪಾಸಾಗುವ ತನಕ ಇಲಾಖೆಯ ವಸ್ತುವಲ್ಲ. ಎರಡನೆಯದು, ದೊಡ್ಡ ಸಾಹೇಬರು ಬಂದಾಗ ತಾವೇ ಸೆಟ್ಟು ಹಿಡಿದು ಕೊನೆಯ ಗೇಟಿನವನ ಜೊತೆ ಮಾತಾಡಬೇಕು, ಇನ್ನೊಬ್ಬರು ಕೇಳಿ ಹೇಳಿದ್ದು ನಡೆಯುವುದಿಲ್ಲ. ಎಂಜಿನಿಯರ್ ತಲೆ ಕೆರೆದುಕೊಂಡು ಒಪ್ಪಿದರು. ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನನ್ನೂ ಚಹಾದವನನ್ನೂ ಕರೆದು ಅವರೆದುರಿಗೆ ಇನ್ನೊಮ್ಮೆ ಹೇಳಿಸಿದೆ.

"ಸಾಕ್ಷಿ ಯಾಕೆ? ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮ್ಯಾಲ ಅದ್ರಿ. ನಿಮ್ಮ ವರ್ಗಾವಣಿ ಮ್ಯಾಲ ಇಲ್ಲ."

ಅವರಿಗೆ ನಗು ಬಂತು. ಕೆಲಸ ಶುರುವಾಯಿತು.

ಮೊದಲು ಇರುವ ಸ್ಥಿತಿ ತಿಳಿಯಬೇಕಿತ್ತು. ಆಫೀಸಿನಲ್ಲಿ ಜವಾನನ ಕೈಗೆ ಒಂದು ಸೆಟ್ಟು ಕೊಟ್ಟು, ಜೀಪಿನಲ್ಲಿ ಇನ್ನೊಂದನ್ನು ಹಿಡಿದು, ಕೊನೆಯ ಗೇಟಿನ ದಿಕ್ಕಿಗೇ ಹೋಗುವ ರಾಯಚೂರು ರಸ್ತೆ ಹಿಡಿದೆವು. ಜವಾನ ಹಾಡು ಹೇಳಲಿ, ಬೈಯಲಿ, ಮಾತು ಮಾತ್ರ ನಿಲ್ಲಿಸಬಾರದೆಂದು ಹೇಳಿದ್ದೆ. ಅವನು ಮಾನ್ವಿಯ ಬಜಾರಿನಲ್ಲಿ ಅಂದಿನ ಅಕ್ಕಿಯ ಧಾರಣೆಯಿಂದ ಹಿಡಿದು ತನ್ನ ಮಾವನ ಜಿಪುಣತನದವರೆಗೆ ಎಲ್ಲ ಹೇಳುತ್ತಿದ್ದ. ಅಕ್ಕಿ ಗಿರಣಿ ದಾಟುವವರೆಗೆ ಮಾವ ಸ್ಪಷ್ಟವಾಗಿ ಕೇಳಿದ. ಅಲ್ಲಿಂದಾಚೆ ಮಾತು ಹರಿದು ಹರಿದು ಬಂತು. ರಸ್ತೆ ಪಕ್ಕದ ಹಳೆಯ ಬಾವಿಯ ಹತ್ತಿರ ಪೂರ್ತಿ ನಿಂತಿತು. ಆ ಬಾವಿಯನ್ನು ಗುರುತಿಟ್ಟುಕೊಂಡೆ. ಮುಂದೆ ಏನೇ ಮಾಡಿದರೂ ಅದನ್ನು ದಾಟಿದೆಯೋ ಇಲ್ಲವೋ ಎಂಬುದೇ ಅಳತೆ.

ಇನ್ನು ಕಂಬ. ಹೊಸ ಪೈಪು ಕೊಳ್ಳುವ ಬುದ್ಧಿ ನನ್ನದಲ್ಲ. ದೇವದುರ್ಗದಲ್ಲಿ ಒಬ್ಬ ಕಿರಾಣಿ ಸಾಹುಕಾರರ ಮಾಳಿಗೆ ಮೇಲೆ ಹಿಂದೆ ನಾನೇ ನಿಲ್ಲಿಸಿದ ಪೈಪಿತ್ತು. ಒಂದರೊಳಗೊಂದು ಕೂರುವ ಮೂರು ತುಂಡು, ಊರಿನ ಯಾವ ಮೂಲೆಯಿಂದ ನೋಡಿದರೂ ಕಾಣುತ್ತಿತ್ತು. ಈಗ ರಾಯಚೂರಿನ ಕೇಂದ್ರದ ಚಿತ್ರ ಅದಕ್ಕಿಂತ ಗಿಡ್ಡ ಕಂಬಕ್ಕೂ ಬರುತ್ತಿತ್ತು. ಬಸ್ಸು ಹತ್ತಿ ದೇವದುರ್ಗಕ್ಕೆ ಹೋಗಿ ಅವರ ಗದ್ದುಗೆಯ ಪಕ್ಕ ಕುಳಿತೆ.

"ಪೈಪಾ? ಕೊಡಂಗಿಲ್ಲ ನೋಡು. ಅದನ್ನ ನೋಡೇ ಜನ ನಮ್ಮ ಮನಿ ಗುರುತು ಹಿಡಿತಾರ" ಎಂದರು ಸಾಹುಕಾರರು.

"ಹಿಡಿತಾರ್ರಿ. ಮಿಂಚೂ ಹಿಡಿತದ. ಹೋದ ಮಳಿಗಾಲದಾಗ ನಿಮ್ಮ ಎದುರು ಮನಿ ತೆಂಗಿನ ಗಿಡಕ್ಕ ಸಿಡ್ಲು ಹೊಡೀತಲ್ರಿ?"

ಸಾಹುಕಾರರು ತಕ್ಕಡಿಯ ಮೇಲಿನ ಕೈ ತೆಗೆದರು. "ನೀನೇ ನಿಲ್ಸಿ ಈಗ ನೀನೇ ಅಂಜಸ್ತಿಯಲ್ಲೋ."

"ಆವಾಗ ಬೇಕಾಗಿತ್ತು, ನಿಲ್ಸಿದೆ. ಈಗ ಬೇಕಾಗಿಲ್ಲ, ಇಳಸ್ತೀನಿ. ಬದಲಿಗೆ ಗಿಡ್ಡ ಕಂಬ, ಹೊಸ ಆಂಟೆನಾ, ಮ್ಯಾಲ ನಿಮ್ಮ ಟೇಪ್ ರಿಕಾರ್ಡರ್ ರಿಪೇರಿ."

"ಟೇಪು ಕೆಟ್ಟಿದ್ದು ನಿನಗ ಯಾರು ಹೇಳಿದ್ರು?"

"ಒಳಗ ಹಾಡಾಕತ್ತದಲ್ರಿ. ಗಂಡಸು ಹೆಂಗಸಾಗಿ ಹಾಡಾಕತ್ತಾನ."

ಪೈಪು ಸಿಕ್ಕಿತು. ಬಸ್ಸಿನ ಮೇಲೆ ಹಾಕಲು ಕಂಡಕ್ಟರ್ ಒಪ್ಪಲಿಲ್ಲ. ಮಾನ್ವಿಗೆ ಬತ್ತ ಒಯ್ಯುವ ಲಾರಿಯವನಿಗೆ ಅವನ ರೇಡಿಯೊದ ಸ್ಪೀಕರ್ ಸರಿಮಾಡಿಕೊಟ್ಟು ಪೈಪನ್ನು ಹೇರಿಸಿದೆ.

ರಾಯಚೂರಿನಲ್ಲಿ ಲೇತ್ ಅಂಗಡಿಗೆ ಹೋಗಿ ಹಿತ್ತಾಳೆಯ ಒಂದು ತುಣುಕನ್ನು ಕಡೆಸಿದೆ. ಒಂದು ಕಡೆ ಸೆಟ್ಟಿನ ತಿರುಪಿಗೆ ಕೂರಬೇಕು, ಇನ್ನೊಂದು ಕಡೆ ಕೇಬಲ್ ಹಿಡಿಯಬೇಕು. ಮೊದಲನೆಯದು ಸಡಿಲವಾಯಿತು, ಎರಡನೆಯದು ಬಿಗಿಯಾಯಿತು, ಮೂರನೆಯದು ಕೂತಿತು. ಆಂಟೆನಾ ನಾನೇ ಮಾಡಿದೆ. ಈ ಸೆಟ್ಟಿನ ಅಲೆ ಟಿ.ವಿ.ಯದ್ದಕ್ಕಿಂತ ಬೇರೆ, ಆದ್ದರಿಂದ ಕಡ್ಡಿಗಳ ಉದ್ದವೂ ಬೇರೆ. ಲೆಕ್ಕ ಹಾಕಿದರೆ ನಡುವಿನ ಕಡ್ಡಿ ಹೆಚ್ಚುಕಡಿಮೆ ಎರಡು ಮೊಳ ಬಂತು. ಹಿಂದೊಂದು ಸ್ವಲ್ಪ ಉದ್ದದ್ದು, ಮುಂದೆ ಒಂದಕ್ಕಿಂತ ಒಂದು ಗಿಡ್ಡ. ಅಲ್ಯೂಮಿನಿಯಂ ಕೊಳವೆ ಕತ್ತರಿಸಿ, ಅಂಚು ಅರದಿಂದ ಉಜ್ಜಿ, ಅಡ್ಡಪಟ್ಟಿಗೆ ಜೋಡಿಸಿದೆ. ಕೇಬಲ್ ಸೇರುವಲ್ಲಿ ಬೆಸುಗೆ ಹಾಕಿ, ಮೇಲೆ ಮೇಣ ಸುರಿದು ಪಟ್ಟಿ ಸುತ್ತಿದೆ. ಬೆಸುಗೆಗೆ ಅವಸರ ಮಾಡಿದವನು ಮಳೆಗಾಲದಲ್ಲಿ ಎರಡು ಸಲ ಕಂಬ ಹತ್ತುತ್ತಾನೆ, ಇದನ್ನು ನೆನಪಿಡಿ.

ಮಾನ್ವಿಯ ಆಫೀಸಿನ ಮಾಳಿಗೆ ಮೇಲೆ ಕಂಬ ನಿಲ್ಲಿಸಿ, ಮೂರು ಕಡೆ ತಂತಿ ಎಳೆದು ಕಟ್ಟಿದೆವು. ಆಂಟೆನಾದ ಮೂತಿಯನ್ನು ಕೊನೆಯ ಗೇಟಿನ ದಿಕ್ಕಿಗೆ ತಿರುಗಿಸಿದೆ. ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, "ನೀರಾವರಿ ಆಫೀಸಿಗೆ ಟಿ.ವಿ. ಬಂತೇನ್ರಿ? ಇನ್ನ ನೀರು ಟಿ.ವಿ.ಯಾಗ ಬಿಡ್ತಾರೇನು?" ಎಂದು ಕೇಳಿದರು.

"ಬಿಡ್ತಾರ, ಬಿಂದಿಗಿ ತರ್ರಿ" ಎಂದೆ ಮೇಲಿನಿಂದಲೇ.

ಜೀಪಿನಲ್ಲಿ ಹೊರಟೆವು. ಜವಾನನ ಮಾವ ಅಕ್ಕಿ ಗಿರಣಿಯವರೆಗೂ ಬರಲಿಲ್ಲ. ಬಾವಿ ದೂರದ ಮಾತು, ಊರ ಬಸ್ ನಿಲ್ದಾಣ ದಾಟುವುದರೊಳಗೆ ದನಿ ಮುರಿಯಿತು. ಅಷ್ಟೆತ್ತರದ ಕಂಬ, ಅಷ್ಟು ಕಡ್ಡಿಯ ಆಂಟೆನಾ, ಗೇಣುದ್ದದ ರಬ್ಬರಿಗಿಂತ ಕಡೆಯಾಯಿತು. ಎಂಜಿನಿಯರ್ ಜೀಪು ತಿರುಗಿಸಲು ಡ್ರೈವರಿಗೆ ಹೇಳಿದರು.

ಆಫೀಸಿಗೆ ಮರಳಿದಾಗ ಅಲ್ಲಿನ ಗುಮಾಸ್ತರೊಬ್ಬರು ಬಾಯಿ ಬಿಟ್ಟರು. "ಟಿ.ವಿ. ಮಂದಿ ಕೈಯಾಗ ವೈರ್‌ಲೆಸ್ ಕೊಟ್ರ ಹಿಂಗ ಆಗ್ತದ."

"ಹೊತ್ತು ಮುಳುಗಿಲ್ಲ ಇನ್ನ" ಎಂದು ಕಂಬ ಹತ್ತಿದೆ.

ಮುಂದಿನ ದಿನಗಳು ಹಾಗೇ ಹೋದವು. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ. ಕೇಬಲ್ ಉದ್ದಕ್ಕೂ ಎಲ್ಲಿ ತುಂಡಾಗಿದೆಯೋ ಎಂದು ಮೀಟರ್ ಹಚ್ಚಿ ನೋಡಿದೆ, ಸರಿಯಾಗಿತ್ತು. ಹೊಸ ಕೇಬಲ್ ತಂದೆ. ಹಿತ್ತಾಳೆ ತುಣುಕನ್ನು ತಿಕ್ಕಿದೆ. ಆಂಟೆನಾದ ಮೂತಿಯನ್ನು ಅತ್ತ ಇತ್ತ ಸರಿಸಿದೆ. ಪ್ರತಿ ಸಲ ಎಂಜಿನಿಯರ್ ಆಫೀಸಿನ ಸೆಟ್ಟಿನಲ್ಲಿ ಕೊನೆಯ ಗೇಟಿನವನನ್ನು ಕರೆಯುವರು, ಪ್ರತಿ ಸಲ ಗೊರಗೊರ. ಕೊನೆಗೆ ಉಳಿದದ್ದು ಒಂದೇ: ಆ ತುದಿಯ ಸೆಟ್ಟು. ದೊಡ್ಡ ಸಾಹೇಬರು ಬರುವ ಹಿಂದಿನ ದಿನ ಬಸ್ಸಿಳಿದು, ಬಾಡಿಗೆ ಸೈಕಲ್ ಹಿಡಿದು ಕಾಲುವೆ ದಂಡೆ ಮೇಲೆ ಹೊರಟೆ. ಹೋಗುವ ಮೊದಲು ಜವಾನನಿಗೆ ಸೆಟ್ಟು ಚಾಲು ಇಟ್ಟುಕೊಂಡೇ ಕೂಡಲು ಹೇಳಿದ್ದೆ.

ದಂಡೆಯ ಎರಡೂ ಕಡೆ ಬತ್ತ. ಮೇಲಿನ ಹೊಲಗಳಲ್ಲಿ ಕಪ್ಪು ಹಸಿರು, ಮುಂದೆ ಹೋದಂತೆ ತಿಳಿ ಹಸಿರು, ಗೇಟಿನ ಹತ್ತಿರ ಹಳದಿಗೆ ತಿರುಗುತ್ತಿದ್ದ ಎಲೆ. ಗೇಟಿನ ಪಕ್ಕ ಬೇವಿನ ಮರ, ಅದರ ಕೆಳಗೆ ದಂಡೆಯ ಮೇಲೆ ಒಂದು ಹೊರಸು. ಗೇಟಿನವರು ಅದರ ಮೇಲೆ ಬಲಮಗ್ಗುಲಾಗಿ ಮಲಗಿ, ರುಮಾಲು ತಲೆದಿಂಬು ಮಾಡಿಕೊಂಡು, ಬಾಯಿಗೆ ಸೆಟ್ಟು ಹಿಡಿದು ಹರಟುತ್ತಿದ್ದರು. ವಯಸ್ಸಾದ ಮನುಷ್ಯ, ಕುರಿ ಕಾಯ್ದ ಮನೆತನದವರು, ಗೇಟಿಗೆ ಬಂದೇ ಬಹಳ ವರ್ಷವಾಗಿತ್ತು. ಹರಟುತ್ತಿದ್ದದ್ದು ಯಾರ ಜೊತೆ? ಮಾನ್ವಿಯ ಜವಾನನ ಜೊತೆ. ಅವನ ಮಾವ ಈ ಸಲ ಏನು ಮಾಡಿದನೆಂಬುದು ಒಂದಕ್ಷರ ಬಿಡದೆ ನನಗೂ ಕೇಳುತ್ತಿತ್ತು.

ನಾನು ಸೈಕಲ್ಲನ್ನು ಹಾಗೇ ಬಿಟ್ಟೆ. ಅದು ಬಿತ್ತು.

"ಯಪ್ಪಾ, ಇದು ಯಾವಾಗಿಂದ ಕೇಳಾಕತ್ತದ?"

"ನೀವು ಕಂಬ ನಿಲ್ಸಿದಾಗಿಂದ ಕೇಳ್ತದ್ರಿ" ಎಂದರು ಮಲಗಿದಲ್ಲಿಂದಲೇ. "ಮಧ್ಯಾಹ್ನ ಇಬ್ಬರೂ ಮಾತಾಡ್ತೀವಿ. ಸಾಹೇಬರು ಕರೆದಾಗ ಅಷ್ಟ ಕೇಳಂಗಿಲ್ಲ."

ಗುಡಿಸಿಲ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವರ ಹೆಂಡತಿ, "ಸೆಟ್ಟಿಗೂ ಸಾಹೇಬರ ಅಂಜಿಕಿ ಅದ ಕಾಣ್ತದ" ಎಂದರು.

"ಹಂಗಂತ ಮ್ಯಾಲ ಹೇಳಲಿಲ್ಲ ಯಾಕ ನೀವು?"

"ಏನಂತ ಹೇಳಲಿ? ಜವಾನನ ಕೂಡ ಹರಟಿ ಹೊಡೀತೀನಿ ಅಂತ ಹೇಳಲೇನ್ರಿ? ಸರಕಾರಿ ಸೆಟ್ಟು ಅದು. ಅವನಿಗೂ ಅದೇ ಅಂಜಿಕಿ."

ನಾನು ಸೆಟ್ಟು ಇಸಿದುಕೊಂಡು ಸಾಹೇಬರನ್ನು ಕರೆಯಲು ಜವಾನನಿಗೆ ಹೇಳಿ, ಮತ್ತೆ ಅವರ ಕೈಗೇ ಕೊಟ್ಟೆ. ಎಂಜಿನಿಯರ್ ದನಿ ಬಂತು: "ಹಲೋ, ಕೊನೆ ಗೇಟಾ?" ಅದು ಬಂದದ್ದೇ ತಡ, ಗೇಟಿನವರು ಹೊರಸಿನಿಂದ ಜಿಗಿದೆದ್ದು, ರುಮಾಲು ತಲೆಗೇರಿಸಿ, ಕಾಲು ಜೋಡಿಸಿ ನೆಟ್ಟಗೆ ನಿಂತು, ಸೆಟ್ಟನ್ನು ಎದೆಯೆತ್ತರಕ್ಕೆ ಹಿಡಿದರು. ದನಿ ಕತ್ತರಿಸಿ ಹೋಯಿತು. ಗೊರಗೊರ.

"ನೋಡ್ರಿ, ಹೋತು" ಎಂದರು.

"ಯಾಕ ಎದ್ರಿ ನೀವು?"

"ಸಾಹೇಬರ ಕೂಡ ಮಕ್ಕೊಂಡು ಮಾತಾಡಾಕ ಬರ್ತದೇನ್ರಿ?"

"ಅವರಿಗೇನು ಕಾಣ್ತದ?"

"ನನಗ ಕಾಣ್ತದಲ್ರಿ."

ಮತ್ತೆ ಮಲಗಲು ಹೇಳಿದೆ. ಸಂಕೋಚದಿಂದ ಅರ್ಧ ಮಲಗಿದರು. ದನಿ ಬಂತು. ಎದ್ದರು, ಹೋಯಿತು. ಮಲಗಿದರು, ಬಂತು. ಅವರ ಹೆಂಡತಿ ಮೊರ ಕೆಳಗಿಟ್ಟು ನಗತೊಡಗಿದರು. ಮೇಲೇಳಿದರೆ ದನಿ ಹೆಚ್ಚಬೇಕು, ಅದು ಲೋಕದ ನಿಯಮ. ಇಲ್ಲಿ ಉಲ್ಟಾ. ನಾನು ಸೆಟ್ಟು ಇಸಿದುಕೊಂಡು ನಿಂತಲ್ಲೇ ಅದನ್ನು ಕೈಯಲ್ಲಿ ಅಡ್ಡ ಮಲಗಿಸಿದೆ, ಕಡ್ಡಿ ನೆಲಕ್ಕೆ ಸಮನಾಗುವಂತೆ. ಎಂಜಿನಿಯರ್ ಎದುರಿಗೇ ನಿಂತು ಮಾತಾಡಿದಂತೆ ಕೇಳಿತು. ನೆಟ್ಟಗೆ ಮಾಡಿದೆ, ಸತ್ತುಹೋಯಿತು.

ಆಗ ತಿಳಿಯಿತು. ಟಿ.ವಿ. ಆಂಟೆನಾದ ಕಡ್ಡಿಗಳು ನೆಲಕ್ಕೆ ಸಮನಾಗಿ ಅಡ್ಡ ಮಲಗಿರುತ್ತವೆ, ಏಕೆಂದರೆ ಕೇಂದ್ರದವರು ಅಲೆಯನ್ನು ಹಾಗೇ ಬಿಡುತ್ತಾರೆ. ಈ ಜಿಲ್ಲೆಯಲ್ಲಿ ಅಷ್ಟು ಮಾಳಿಗೆ ಹತ್ತಿದ ನಾನು ಆಂಟೆನಾ ಎಂದರೆ ಅಡ್ಡವೇ ಎಂದು ತಿಳಿದು, ಇದನ್ನೂ ಅಡ್ಡವೇ ಕೂರಿಸಿದ್ದೆ. ವಾಕಿಟಾಕಿಯನ್ನು ಮನುಷ್ಯ ನಿಲ್ಲಿಸಿ ಹಿಡಿಯುತ್ತಾನೆ, ಅದರ ಅಲೆ ನಿಂತು ಹೊರಡುತ್ತದೆ. ನಿಂತದ್ದನ್ನು ಮಲಗಿದ್ದು ಹಿಡಿಯುವುದಿಲ್ಲ. ಅವರ ಹೊರಸು ಮಾನ್ವಿಗೆ ಅಡ್ಡಲಾಗಿ ಬಿದ್ದಿತ್ತು, ಅವರು ಮಲಗಿದಾಗ ಎರಡೂ ಕಡೆಯ ಕಡ್ಡಿ ಒಂದೇ ಭಂಗಿಗೆ ಬರುತ್ತಿದ್ದವು. ಸೆಟ್ಟು ಕೊಟ್ಟ ಕಂಪನಿಯೂ ಅಲ್ಲ, ಕೇಬಲ್ಲೂ ಅಲ್ಲ, ನನ್ನ ರೂಢಿಯೇ ಅಡ್ಡ ಮಲಗಿತ್ತು.

ಸಂಜೆ ಬಸ್ಸಿಗೆ ಮಾನ್ವಿಗೆ ಮರಳಿ ಎಂಜಿನಿಯರಿಗೆ ಹೇಳಿದೆ. ಅವರ ಮುಖ ಅರಳಿತು.

"ಹಾಗಿದ್ರೆ ಸುಲಭ ಆಯ್ತು. ನಾಳೆ ಸೆಟ್ಟನ್ನು ಅಡ್ಡ ಹಿಡಿದು ಮಾತಾಡಪ್ಪ ಅಂತ ಅವರಿಗೆ ಹೇಳೋಣ. ಪರೀಕ್ಷೆ ಪಾಸ್."

"ಇಲ್ರಿ. ಕಂಬ ಇಳಿಸಬೇಕು, ಆಂಟೆನಾ ನಿಲ್ಲಿಸಿ ಕಟ್ಟಬೇಕು."

"ನಾಳೆ ಬೆಳಿಗ್ಗೆ ಸಾಹೇಬರು ಬರ್ತಾರೆ. ನಡೀತಿರೋದನ್ನು ಬಿಚ್ಚೋದಾ?"

"ನಡ್ಯಾಕತ್ತಿಲ್ರಿ ಅದು, ಮಕ್ಕೊಂಡದ. ನಾಳೆ ನಿಮ್ಮ ಜೀಪಿನಾಗ ಯಾರು ಅಡ್ಡ ಹಿಡಿತಾರ? ಡ್ರೈವರು ಮಕ್ಕೊಂಡು ಗಾಡಿ ಹೊಡಿತಾನೇನು? ಗೇಟಿಗೆ ಬ್ಯಾರೆಯವರು ಬಂದ್ರ? ಒಂದಿನ ಮರೆತು ನೆಟ್ಟಗ ಹಿಡಿದ್ರ, ಅವತ್ತೇ ಕಾಲುವಿ ಒಣಗಿರ್ತದ."

ಬಿಚ್ಚಿದರೆ ಅಪಾಯ ನನಗೂ ಗೊತ್ತಿತ್ತು. ಸಾಹೇಬರು ಬಂದಾಗ ಕಂಬ ನೆಲದ ಮೇಲಿದ್ದರೆ ಅವರಿಗೆ ಬೇರೆ ನೆಪವೇ ಬೇಕಾಗಿರಲಿಲ್ಲ. ಆದರೆ ಉಪಾಯದಿಂದ ಪಾಸು ಮಾಡಿಸಿದ ಕೆಲಸ ನಿಮ್ಮ ಬೆನ್ನ ಹಿಂದೆ ಕೆಡುತ್ತದೆ, ಆಗ ಹೆಸರು ಹೇಳುವುದು ನಿಮ್ಮದೇ. ನಾನು ಜಗ್ಗಲಿಲ್ಲ.

ಕೊನೆಗೆ ಎಂಜಿನಿಯರೇ ಒಂದು ಒಳ್ಳೆಯ ಮಾತು ಎತ್ತಿದರು. "ಕಡ್ಡಿಗಳನ್ನು ನಿಲ್ಲಿಸಿದರೆ ಅವುಗಳ ನಡುವೆ ಕಬ್ಬಿಣದ ಪೈಪೂ ನಿಂತಿರುತ್ತಲ್ಲ? ಅದೂ ಒಂದು ಕಡ್ಡಿ ಆಗಿಬಿಡುತ್ತೆ, ಅಲೆ ನುಂಗುತ್ತೆ. ಕಾಲೇಜಲ್ಲಿ ಓದಿದ್ದೆ."

ಅದು ನನಗೆ ಹೊಳೆದಿರಲಿಲ್ಲ. ಅಡ್ಡ ಕಡ್ಡಿಗೆ ನೆಟ್ಟನೆಯ ಪೈಪು ತೊಂದರೆ ಕೊಡುವುದಿಲ್ಲ, ನಿಂತ ಕಡ್ಡಿಗೆ ಕೊಡುತ್ತದೆ. ಹಾಗಾದರೆ ಪೈಪಿನ ತುದಿಗೆ ಕಬ್ಬಿಣವಲ್ಲದ್ದು ಬೇಕು. ಮದುವೆಗೆ ಹಂದರ ಹಾಕುವವನ ಮನೆಗೆ ಹೋಗಿ ಒಂದು ಬಲಿತ ಬಿದಿರನ್ನು ಆರಿಸಿದೆ. ಅವನು ಒಂದೇ ಕೊಡುವುದಿಲ್ಲ, ಕಟ್ಟು ಪೂರ್ತಿ ಒಯ್ಯಬೇಕೆಂದ. ನಿನ್ನ ಮಗಳ ಮದುವೆಗೆ ಮೈಕು ನನ್ನಿಂದ ಬರುತ್ತದೆ ಎಂದ ಮೇಲೆ ಒಂದನ್ನೇ ಕೊಟ್ಟ, ಹಗ್ಗ ಮೇಲಿಂದ.

ಬೆಳಕು ಹರಿಯುತ್ತಲೇ ಕಂಬ ಇಳಿಸಿದೆವು. ಮೇಲಿನ ತುಂಡು ಪೈಪು ತೆಗೆದು, ಆ ಜಾಗದಲ್ಲಿ ಬಿದಿರನ್ನು ಸಿಕ್ಕಿಸಿ, ಬಿದಿರಿನ ತುದಿಗೆ ಆಂಟೆನಾವನ್ನು ಮಗ್ಗುಲು ತಿರುಗಿಸಿ ಕಟ್ಟಿದೆ. ಈಗ ಕಡ್ಡಿಗಳೆಲ್ಲ ನಿಂತಿದ್ದವು. ಕೇಬಲ್ಲನ್ನು ಕಡ್ಡಿಗಳ ಪಕ್ಕದಲ್ಲೇ ಇಳಿಬಿಡದೆ ಹಿಂದಕ್ಕೆ ಒಯ್ದು ಆಮೇಲೆ ಇಳಿಸಿದೆ. ತಂತಿ ಕಟ್ಟುವುದು ಬಾಕಿ ಇತ್ತು. ಅಷ್ಟರಲ್ಲಿ ಜೀಪಿನ ಸದ್ದು. ಸಾಹೇಬರು ಹೇಳಿದ ವೇಳೆಗಿಂತ ಮೊದಲೇ ಬಂದಿದ್ದರು.

ಮಾಳಿಗೆ ಮೇಲೆ ಉದ್ದಕ್ಕೆ ಬಿದ್ದ ಕಂಬವನ್ನು ಕೆಳಗಿನಿಂದ ನೋಡಿ, "ಇದೇನಾ ನಿಮ್ಮ ಆಂಟೆನಾ? ಸೆಟ್ಟು ಪ್ಯಾಕ್ ಮಾಡಿ" ಎಂದರು.

ಎಂಜಿನಿಯರ್ ನನ್ನತ್ತ ನೋಡಿದರು. ನಾನು ಮೇಲಿನಿಂದಲೇ ಕೂಗಿದೆ. "ಪ್ಯಾಕ್ ಮಾಡಸ್ರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ಚಹಾ ಬರಾಕತ್ತದ. ಚಹಾ ಮುಗಿಯೋದ್ರೊಳಗ ಕಂಬ ನಿಂತಿರಲಿಲ್ಲ ಅಂದ್ರ ನಾನೇ ಡಬ್ಬಿಗೆ ಹಗ್ಗ ಕಟ್ಟಿಕೊಡ್ತೀನಿ."

ಅಂಗಳದಲ್ಲಿ ಕೊನೆಭಾಗದ ಕೆಲವು ರೈತರು ಆಗಲೇ ಬಂದು ಕೂತಿದ್ದರು. ಸೆಟ್ಟು ಒಯ್ಯುತ್ತಾರೆಂಬ ಸುದ್ದಿ ಅವರಿಗೆ ಮುಟ್ಟಿತ್ತು. ಕರೆಯುವ ಮೊದಲೇ ಮೇಲೆ ಬಂದು ತಂತಿಗೊಬ್ಬರು, ಹಗ್ಗಕ್ಕಿಬ್ಬರು ಹಿಡಿದರು. ಗುಮಾಸ್ತರೂ ಬಂದರು, ಅದನ್ನು ಹೇಳಲೇಬೇಕು. ಕಂಬ ಎದ್ದಿತು, ಬಾಗಿತು, ನಿಂತಿತು. ಕೆಳಗಿಳಿದು ಹಿತ್ತಾಳೆ ತುಣುಕನ್ನು ಸೆಟ್ಟಿಗೆ ಬಿಗಿದು ಸಾಹೇಬರ ಕೈಗೆ ಕೊಟ್ಟೆ. ಅವರ ಕಪ್ಪಿನಲ್ಲಿ ಇನ್ನೂ ಚಹಾ ಇತ್ತು.

"ನೀವೇ ಕರೀಬೇಕ್ರಿ."

ಅವರು ಬಟನ್ ಒತ್ತಿ ಕರೆದರು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ, "ಸಲಾಮ್ರಿ ಸಾಹೇಬ್ರ, ಕೊನೆ ಗೇಟಿಂದ ಮಾತಾಡಾಕತ್ತೀನಿ."

"ನೀರಿನ ಗೇಜ್ ಎಷ್ಟಿದೆ?"

"ಗೇಜಿನ ಕಲ್ಲಿಗೆ ನೀರೇ ಹತ್ತಿಲ್ರಿ. ಕಲ್ಲಿನ ಮ್ಯಾಲ ಓತಿಕ್ಯಾತ ಕುಂತದ."

ಅಂಗಳದಲ್ಲಿ ಯಾರೋ ನಕ್ಕರು. ಸಾಹೇಬರು ಕಪ್ಪು ಕೆಳಗಿಟ್ಟು ಒಳಗೆ ಹೋಗಿ ಮೇಲಿನ ಉಪವಿಭಾಗಕ್ಕೆ ಫೋನ್ ಮಾಡಿದರು. ಪೂರ್ತಿ ಬಿಟ್ಟಿದ್ದೇವೆ ಎಂಬ ಉತ್ತರವೇ ಬಂದಿರಬೇಕು, ಹೊರಗೆ ಬಂದಾಗ ಅವರ ದವಡೆ ಬಿಗಿದಿತ್ತು. ಆದರೂ ಆಡಿದ ಮಾತು ಬೇರೆ.

"ಚೆನ್ನಾಗಿ ಕೆಲಸ ಮಾಡ್ತಾ ಇದೆ. ಕಂಬ ಸಮೇತ ಬಿಚ್ಚಿ ಮೇಲಿನ ಉಪವಿಭಾಗಕ್ಕೆ ಕಳಿಸಿ. ಅಲ್ಲಿ ಇನ್ನೂ ಉಪಯೋಗ ಆಗುತ್ತೆ."

ರೈತರು ಎದ್ದು ನಿಂತರು. ನಾನು ಹಿತ್ತಾಳೆ ತುಣುಕನ್ನು ಸೆಟ್ಟಿನಿಂದ ತಿರುವಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ.

"ಸೆಟ್ಟು ಸರಕಾರದ್ದು, ಒಯ್ರಿ. ಕಂಬ ನಂದು. ಕೇಬಲ್ ನಂದು, ಬಿದಿರು ನಂದು. ಇನ್ನ ಕೆಲಸ ಒಪ್ಪಿಗೆ ಆಗಿಲ್ಲ, ಬಿಲ್ಲೂ ಆಗಿಲ್ಲ, ಸಾಕ್ಷಿ ಅದಾರ. ಮ್ಯಾಲಿನವರಿಗೆ ಬೇಕಂದ್ರ ಅವರಿಗೂ ಒಂದು ಕಟ್ಟಿಕೊಡ್ತೀನಿ. ಇದು ಮಾತ್ರ ಇಳಿಯಂಗಿಲ್ಲ."

"ಇಲಾಖೆ ಕಟ್ಟಡದ ಮೇಲೆ ನಿನ್ನ ಕಂಬ ಹೇಗೆ ಇರುತ್ತಯ್ಯಾ?"

"ಹಂಗಾದ್ರ ಎದುರಿನ ಮಾಳಿಗಿ ಮ್ಯಾಲ ನಿಲ್ಲಸ್ತೀನಿ. ಅವರು ನನ್ನ ಗಿರಾಕಿ."

ಆಗ ಎಂಜಿನಿಯರ್ ಬಾಯಿ ಬಿಟ್ಟರು. "ಸರ್, ಪೂರ್ತಿ ಬಿಟ್ಟಿದ್ದೇವೆ ಅಂತ ಅವರು ಹೇಳಿದ್ರು. ಇಲ್ಲಿ ಕಲ್ಲಿಗೇ ನೀರಿಲ್ಲ ಅಂತ ತಾವೇ ಕೇಳಿದ್ರಿ. ಸೆಟ್ಟು ಹೋದರೆ ನಾಳೆ ಇದನ್ನು ತಮಗೆ ಯಾರು ಹೇಳ್ತಾರೆ?"

ಸಾಹೇಬರು ಜೀಪಿನತ್ತ ಎರಡು ಹೆಜ್ಜೆ ಹಾಕಿ ತಿರುಗಿದರು. "ಮೇಲಿನ ಗೇಟುಗಳನ್ನು ನಾನೇ ಹೋಗಿ ಇಳಿಸ್ತೀನಿ. ನಾಳೆ ಸಂಜೆವರೆಗೆ ಟೈಮು. ನೀರು ಕೊನೆ ಗೇಟಿಗೆ ಮುಟ್ಟಿದ ಸುದ್ದಿ ಬಸ್ಸಿಗಿಂತ ಮೊದಲು ಇಲ್ಲಿಗೆ ಬಂದರೆ ಸೆಟ್ಟು ಮಾನ್ವಿಯಲ್ಲೇ ಇರಲಿ. ಇಲ್ಲದಿದ್ದರೆ ಮಾತಿಲ್ಲ." ಹೋಗುವಾಗ ತಮ್ಮ ಒಬ್ಬ ನೌಕರನನ್ನು, ಸೆಟ್ಟು ತುಂಬಲು ತಂದಿದ್ದ ಡಬ್ಬಿ ಸಮೇತ ಅಲ್ಲೇ ಬಿಟ್ಟುಹೋದರು.

ಹಿತ್ತಾಳೆ ತುಣುಕನ್ನು ಮತ್ತೆ ಸೆಟ್ಟಿಗೆ ಬಿಗಿದೆ. ಮರುದಿನ ಮಧ್ಯಾಹ್ನ ನಾವೆಲ್ಲ ಅದರ ಸುತ್ತ ಕೂತಿದ್ದೆವು. ಡಬ್ಬಿಯವನು ಮೂಲೆಯಲ್ಲಿ ತನ್ನ ಡಬ್ಬಿಯ ಮೇಲೇ ಕೂತು ತೂಕಡಿಸುತ್ತಿದ್ದ. ಇಳಿಹೊತ್ತಿಗೆ ಸೆಟ್ಟು ಕೆಮ್ಮಿತು. ಬಂದದ್ದು ಗೇಟಿನವರ ದನಿಯಲ್ಲ, ಅವರ ಹೆಂಡತಿಯದು.

"ಯಾರದೀರಿ ಅಲ್ಲಿ? ನೀರು ಬಂತು. ಅವರು ಗೇಟಿನ ಮ್ಯಾಲ ಅದಾರ, ನಾನೇ ಹೇಳಾಕತ್ತೀನಿ. ಕಲ್ಲು ಮುಣಗ್ಯಾದ. ಕೇಳ್ತದೇನ್ರಿ?"

"ಕೇಳ್ತದ್ಯವ್ವಾ" ಎಂದು ಎಂಜಿನಿಯರ್ ಕೂಗಿದರು, ನಮ್ಮ ಕಡೆಯ ಮಾತಿನಲ್ಲೇ. ಆದರೆ ಆ ಕಡೆಯವರು ಒತ್ತಿದ ಬಟನ್ ಬಿಟ್ಟರೆ ಮಾತ್ರ ಈ ಕಡೆಯ ದನಿ ಅವರಿಗೆ ಕೇಳುವುದು. ಆಕೆಗೆ ಅದು ಗೊತ್ತಿರಲಿಲ್ಲ.

"ಏನೂ ಅನ್ನವಲ್ಲರು ನೋಡು" ಎಂದು ತಮ್ಮಷ್ಟಕ್ಕೆ ಅಂದುಕೊಂಡದ್ದು ಕೇಳಿತು. ಆಮೇಲೆ ಮಾತಿಲ್ಲ. ಬಟನ್ ಹಾಗೇ ಒತ್ತಿತ್ತು. ಕಬ್ಬಿಣದ ಗೇಟಿನ ಕೆಳಗಿಂದ ನುಗ್ಗಿ ಕಲ್ಲಿಗೆ ಬಡಿಯುವ ನೀರಿನ ಸಪ್ಪಳ ಮಾನ್ವಿಯ ಆಫೀಸು ತುಂಬ ಬಂತು. ಡಬ್ಬಿಯವನಿಗೆ ಎಚ್ಚರವಾಯಿತು. ಎದ್ದು, ಸ್ವಲ್ಪ ಹೊತ್ತು ಅದನ್ನೇ ಕೇಳಿ, ಖಾಲಿ ಡಬ್ಬಿ ಬಗಲಿಗೇರಿಸಿ ರಾಯಚೂರಿನ ಬಸ್ಸು ಎಷ್ಟು ಹೊತ್ತಿಗೆ ಇದೆ ಎಂದು ಕೇಳಿದ.